ಎರಡು ಶಾಲೆಯ ಹುಡುಗಿ

ನನಗೆ ಪ್ರಶ್ನೆ ಕೇಳುವ ಚಟ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕಂಕನಾಡಿಯಲ್ಲಿ ಇಳಿಯುವಷ್ಟರಲ್ಲಿ ಅವರ ಮನೆಯವರು ಯಾರು ಆಸ್ಪತ್ರೆಯಲ್ಲಿ ಮಲಗಿದ್ದಾರೆ, ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ ಎಂಬುದೆಲ್ಲ ನನಗೆ ತಿಳಿದಿರುತ್ತದೆ. "ನೀನು ಟೀಚರ್ ಆಗುವ ಬದಲು ಪೊಲೀಸ್ ಆಗ್ಬೇಕಿತ್ತು ಮಾರಾಯ್ತಿ" ಎಂದು ನನ್ನ ಅತ್ತೆ ಹೇಳುವುದುಂಟು. ಅತ್ತೆ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡಕ್ಕೆ ತಂದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ.

ನಾನು ಮದುವೆಯಾಗಿ ಬಂದದ್ದು ತಲೆಮಾರುಗಳಿಂದ ಕಡಲಿಗೆ ಹೋಗುವವರ ಮನೆಗೆ. ಅತ್ತೆ ಒಂದು ಕಾಲದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಮೈದುನನದ್ದೊಂದು ಬೋಟು ದಕ್ಕೆಯಲ್ಲಿದೆ. ಮೀನಿನ ಬಂದರಿಗೆ ನಾವೆಲ್ಲ ದಕ್ಕೆ ಎನ್ನುತ್ತೇವೆ. ನಾನು ಮಂಗಳೂರಿನ ಬೋಳಾರದ ಹತ್ತಿರ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಮನೆಯಲ್ಲಿ ಮೀನಿನ ಮಾತು, ಹಗಲು ಶಾಲೆಯಲ್ಲಿ ಲೆಕ್ಕದ ಮಾತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರಬಹುದು ಎಂದು ನನಗೆ ಬಹಳ ವರ್ಷ ಹೊಳೆದೇ ಇರಲಿಲ್ಲ.

ನಮ್ಮ ಶಾಲೆಯಲ್ಲಿ ಊರಿನವರ ಮಕ್ಕಳಿಗಿಂತ ಹೊರಗಿನಿಂದ ಬಂದವರ ಮಕ್ಕಳೇ ಜಾಸ್ತಿ. ಊರಿನವರು ತಮ್ಮ ಮಕ್ಕಳಿಗೆ ಟೈ ಕಟ್ಟಿ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಹತ್ತಿಸುತ್ತಾರೆ. ನಮ್ಮ ಬೆಂಚಿನಲ್ಲಿ ಕೂರುವವರು ಫ್ಲ್ಯಾಟು ಕಟ್ಟಲು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದವರ ಮಕ್ಕಳು, ವಾಚ್‌ಮನ್ ಕೆಲಸಕ್ಕೆಂದು ನೇಪಾಳದಿಂದ ಬಂದವರ ಮಕ್ಕಳು, ಬೋಟಿನಲ್ಲಿ ದುಡಿಯಲು ಆಂಧ್ರ, ಒಡಿಶಾದ ಕಡಲತೀರದಿಂದ ಬಂದವರ ಮಕ್ಕಳು. ಈ ಕೊನೆಯವರಿಗೆ ಸ್ಟಾಫ್‌ರೂಮಿನಲ್ಲಿ 'ಬೋಟಿನ ಮಕ್ಕಳು' ಎಂದೇ ಹೆಸರು. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಇವರಲ್ಲಿ ಒಬ್ಬರೂ ಇರುವುದಿಲ್ಲ. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಹಿಂದಿನ ಬೆಂಚು ಭರ್ತಿ. "ಇವರಿಗೆ ಶಾಲೆ ಅಂದ್ರೆ ಮದುವೆ ಊಟದ ಹಾಗೆ, ಎರಡನೇ ಪಂಕ್ತಿಗೆ ಬಂದ್ರೂ ನಡೀತದೆ" ಎಂದು ನಾವು ನಗಾಡುತ್ತಿದ್ದೆವು. ಯಾವಾಗ ಬಂದರೂ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ ನಿಯಮವಿದೆ. ಸೇರಿಸಿಕೊಳ್ಳುತ್ತಿದ್ದೆವು.

ಆ ಬೆಂಚಿನಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗಿಯಿದ್ದಳು. ಅವಳ ಊರು ವಿಶಾಖಪಟ್ಟಣದಿಂದಲೂ ಆಚೆ, ಕಡಲ ದಂಡೆಯ ಮೇಲೆ. ಅಪ್ಪ ಕೆಲಸ ಮಾಡುವುದು ನನ್ನ ಮೈದುನನ ಬೋಟಿನಲ್ಲೇ. ತಾಯಿ ದಕ್ಕೆಯ ಹತ್ತಿರದ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತಿದ್ದಳು. ಹುಡುಗಿ ನಮ್ಮಲ್ಲಿಗೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಕನ್ನಡ ನಮ್ಮಂತೆಯೇ ಆಡುತ್ತಿದ್ದಳು, ತುಳುವಿನಲ್ಲಿ ಜಗಳವನ್ನೂ ಮಾಡುತ್ತಿದ್ದಳು. ಓದಿನಲ್ಲಿ ಮಾತ್ರ ಅವಳು ನನಗೆ ಬಗೆಹರಿಯದ ಒಗಟು. ಕೆಲವು ಪಾಠ ಬಾಯಿಪಾಠ, ಕೆಲವಕ್ಕೆ ಕಣ್ಣು ಕಣ್ಣು ಬಿಡುತ್ತಿದ್ದಳು. ದಡ್ಡಿಯೋ ಜಾಣೆಯೋ ಎಂದು ಹೇಳಲಾಗುತ್ತಿರಲಿಲ್ಲ.

ಆ ವರ್ಷ ಆಗಸ್ಟ್‌ನಲ್ಲಿ ಅವಳು ಬಂದು ಎರಡು ದಿನವೂ ಆಗಿರಲಿಲ್ಲ. ಜೂನ್‌ನಲ್ಲಿ ಮಾಡಿದ ಪೂರ್ಣಾಂಕಗಳ ಪಾಠದಿಂದ ನಾನೊಂದು ಲೆಕ್ಕ ಬರೆದು, ಜೂನ್‌ನಿಂದಲೂ ಇದ್ದ ಮಕ್ಕಳಿಗೆ ಎಷ್ಟು ನೆನಪಿದೆ ನೋಡೋಣ ಎಂದು ಕೇಳಿದೆ. ಅವರೆಲ್ಲ ಫ್ಯಾನು ನೋಡತೊಡಗಿದರು. ಈ ಹುಡುಗಿ ಎದ್ದು ಬಂದು, ಬೋರ್ಡಿನ ಮೇಲೆ ಋಣ ಚಿಹ್ನೆಯನ್ನೂ ಬಿಡದೆ ಸರಿಯಾಗಿ ಮಾಡಿ ಮುಗಿಸಿದಳು. ಬಾಯಲ್ಲಿ ಮಾತ್ರ ಏನೋ ತೆಲುಗಿನಲ್ಲಿ ಗುಣುಗುಟ್ಟುತ್ತಿದ್ದಳು.

"ಇದನ್ನು ಯಾರು ಕಲಿಸಿದ್ದು?" ಎಂದೆ.

"ಟೀಚರ್."

"ಯಾವ ಟೀಚರ್? ನಾನು ಈ ಪಾಠ ಮಾಡುವಾಗ ನೀನು ಇಲ್ಲಿ ಇರ್ಲೇ ಇಲ್ಲ ಅಲ್ವಾ?"

"ನೀವಲ್ಲ ಟೀಚರ್. ಅಲ್ಲಿಯ ಟೀಚರ್. ನಮ್ಮ ಊರಿನ ಸ್ಕೂಲಿನವರು."

ನನ್ನ ಕಿವಿ ನೆಟ್ಟಗಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿದೆ. ಅವಳು ಬಿಸಿಯೂಟದ ಅನ್ನ ಕಲಸುತ್ತ ಹೇಳಿದಳು, ಇದರಲ್ಲಿ ಆಶ್ಚರ್ಯಪಡುವುದಕ್ಕೆ ಏನಿದೆ ಎಂಬಂತೆ. ಜೂನ್, ಜುಲೈ ನಮ್ಮ ಕಡಲಿನಲ್ಲಿ ಬೋಟಿನ ಮೀನುಗಾರಿಕೆಗೆ ನಿಷೇಧ. ಕೆಲಸದವರೆಲ್ಲ ರೈಲು ಹತ್ತಿ ಊರಿಗೆ ಹೋಗುತ್ತಾರೆ. ಅವರ ಕಡಲಿನಲ್ಲಿ ನಿಷೇಧವಿರುವುದು ಬೇಸಗೆಯಲ್ಲಿ. ಇಲ್ಲಿ ಬಾಗಿಲು ಮುಚ್ಚಿ ಸ್ವಲ್ಪ ದಿನಕ್ಕೆ ಅಲ್ಲಿ ತೆರೆಯುತ್ತದೆ. ಅಪ್ಪ ಅಲ್ಲಿ ನಾಡದೋಣಿಯಲ್ಲಿ ಹೋಗುತ್ತಾನೆ, ಮಗಳು ಅಲ್ಲಿಯ ಶಾಲೆಗೆ ಹೋಗುತ್ತಾಳೆ. ಆ ಶಾಲೆಯೂ ಆಗಷ್ಟೇ ಶುರುವಾಗಿರುತ್ತದೆ. ಒಂದೆರಡು ಪಾಠ ಆಗುವಷ್ಟರಲ್ಲಿ ಇಲ್ಲಿ ಕಡಲು ತೆರೆಯುತ್ತದೆ, ಮತ್ತೆ ರೈಲು.

"ಅಲ್ಲಿ ನಿನ್ನ ಹೆಸರು ಉಂಟಾ?"

"ಉಂಟು ಟೀಚರ್. ಇಲ್ಲಿಯೂ ಉಂಟು, ಅಲ್ಲಿಯೂ ಉಂಟು."

ನಾನು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕೂತೆ. ನಿಷೇಧದ ತಿಂಗಳುಗಳು ನನಗೆ ಮದುವೆಯಾದ ವರ್ಷದಿಂದ ಗೊತ್ತು. ಆಗ ಮೈದುನ ಅಂಗಳದಲ್ಲಿ ಬಲೆ ಹರಡಿಕೊಂಡು ಕೂತಿರುತ್ತಾನೆ, ಇಲ್ಲವೆ ಬಿದ್ದು ನಿದ್ದೆ ಮಾಡುತ್ತಾನೆ, ಅತ್ತೆ ಒಣಮೀನಿನ ಡಬ್ಬ ತೆಗೆಯುತ್ತಾರೆ. ಬೋಟಿನ ಕೆಲಸದವರು ಊರಿಗೆ ಹೋದರು ಎಂದು ಮನೆಯಲ್ಲಿ ಕೇಳಿ, ಮರುದಿನ ಶಾಲೆಗೆ ಹೋಗಿ 'ಬೋಟಿನ ಮಕ್ಕಳು ಎಲ್ಲಿ ಹೋದವೋ' ಎಂದು ಬೈಯುತ್ತಿದ್ದವಳು ನಾನೇ. ಕಡಲಿನವರ ಮನೆಯ ಸೊಸೆಗೆ ಇದು ಹೊಳೆಯದೆ ಹೋದದ್ದಕ್ಕೆ ನಗುವೇ ಬಂತು. ಮಕ್ಕಳು ಎರಡನೇ ಪಂಕ್ತಿಗೆ ಬಂದವರಲ್ಲ, ಮೊದಲ ಪಂಕ್ತಿ ಬೇರೆ ಕಡೆ ಉಂಡು ಬಂದವರು.

ಅಲ್ಲಿಂದ ನನಗೊಂದು ಹೊಸ ಹುಚ್ಚು ಹಿಡಿಯಿತು. ಈ ಹುಡುಗಿಗೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂದು ಹಿಂದಿನ ತರಗತಿಗಳ ಪುಸ್ತಕವೆಲ್ಲ ತೆಗೆದು ಕೆದಕಿದೆ. ಪ್ರತಿ ಪುಸ್ತಕದ ಆರಂಭದ ಪಾಠ ಅವಳಿಗೆ ತೆಲುಗಿನಲ್ಲಿ ಗೊತ್ತು. ಆಗಸ್ಟ್‌ನಿಂದ ಕೊನೆಯವರೆಗಿನದ್ದು ಕನ್ನಡದಲ್ಲಿ ಗೊತ್ತು. ನಡುವೆ, ಅಲ್ಲಿ ಇನ್ನೂ ಶುರುವಾಗದ, ಇಲ್ಲಿ ಆಗಲೇ ಮುಗಿದುಹೋದ ಪಾಠಗಳು ಕಂದಕದಂತೆ ಬಿದ್ದಿದ್ದವು. ಭಿನ್ನರಾಶಿ ವರ್ಷವರ್ಷವೂ ಆ ಕಂದಕಕ್ಕೇ ಬಿದ್ದಿತ್ತು. ಏಳನೇ ಕ್ಲಾಸಿಗೆ ಬಂದರೂ ಅರ್ಧ ದೊಡ್ಡದೋ ಮೂರನೇ ಒಂದು ದೊಡ್ಡದೋ ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಭಾನುವಾರ ಮನೆಗೆ ಬರಹೇಳಿದೆ. ಅತ್ತೆ ನೀರುದೋಸೆ ಎರೆಯುತ್ತಿದ್ದರು. ಒಂದು ದೋಸೆ ತೆಗೆದು ಎರಡು ಮಾಡಿದೆ, ಇನ್ನೊಂದು ತೆಗೆದು ಮೂರು ಮಾಡಿದೆ, ಯಾವ ತುಂಡು ಬೇಕು ಎಂದೆ. ಹುಡುಗಿಗೆ ಥಟ್ಟನೆ ಹೊಳೆಯಿತು. ಅತ್ತೆಗೆ ಮಾತ್ರ ಸಿಟ್ಟು.

"ಎಂತ ಇದು, ಎರೆದ ದೋಸೆಯನ್ನೆಲ್ಲ ಹರಿದು ಹಾಕುವುದು? ಇಡೀ ದೋಸೆ ತಿನ್ಲಿಕ್ಕೆ ಕೊಟ್ಟು ಆಮೇಲೆ ಲೆಕ್ಕ ಕಲಿಸು."

ಹುಡುಗಿ ಇಡೀ ದೋಸೆಗಳನ್ನೂ ತಿಂದಳು, ತುಂಡುಗಳನ್ನೂ ತಿಂದಳು. ಆಮೇಲೆ ಭಾನುವಾರಗಳೆಲ್ಲ ಹೀಗೇ ಹೋದವು. ಅತ್ತೆಗೂ ಅವಳು ಒಗ್ಗಿದಳು. ಮೀನು ಹೆಚ್ಚುವಾಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಮ್ಮ ಊರಿನಲ್ಲಿ ಬಂಗುಡೆಗೆ ಏನನ್ನುತ್ತಾರೆ, ಬೂತಾಯಿಗೆ ಏನನ್ನುತ್ತಾರೆ ಎಂದು ಹೇಳುತ್ತಿದ್ದಳು. ಕಂದಕ ತುಂಬುತ್ತ ಬಂತು. ದಡ್ಡಿಯೋ ಜಾಣೆಯೋ ಎಂಬ ಸಂಶಯ ನನಗೆ ಉಳಿಯಲಿಲ್ಲ.

ಫೆಬ್ರವರಿಯಲ್ಲಿ ಎಂಟನೆಯದರ ಚಿಂತೆ ಶುರುವಾಯಿತು. ನಮ್ಮ ಶಾಲೆ ಏಳನೆಯವರೆಗೆ ಮಾತ್ರ. ಎಂಟಕ್ಕೆ ಹೈಸ್ಕೂಲಿಗೆ ಹೋಗಬೇಕು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ನನ್ನ ಹಳೆಯ ಪರಿಚಯದವರು, ಅವರಲ್ಲಿಗೆ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ರಾಜ್ಯದಲ್ಲಿ ಹೆಸರು ಉಂಟಾ? ಈಗ ಎಲ್ಲ ಕಂಪ್ಯೂಟರಿನಲ್ಲಿ ಹೋಗ್ತದೆ ಟೀಚರೇ. ಇಷ್ಟು ದಿನ ಹೇಗೋ ಆಯ್ತು, ಇನ್ನು ಆಗುವುದಿಲ್ಲ. ಒಂದು ಕಡೆಯ ಹೆಸರು ತೆಗೆಸಿ."

"ಅಲ್ಲಿಯದ್ದು ತೆಗೆಸುವ."

"ಹಾಗಾದ್ರೆ ಜೂನ್‌ನಲ್ಲೇ ಬಂದು ಕೂರ್ಬೇಕು. ಆಗಸ್ಟ್‌ನಲ್ಲಿ ಬಂದ್ರೆ ಹೈಸ್ಕೂಲಿನ ಲೆಕ್ಕ ಅವಳಿಗೆ ಎಟಕ್ಲಿಕ್ಕೆ ಇಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ಏಳರವರೆಗಿನ ಕಂದಕವನ್ನು ದೋಸೆ ಹಾಕಿ ತುಂಬಿಸಬಹುದು, ಹತ್ತನೆಯ ಪಬ್ಲಿಕ್ ಪರೀಕ್ಷೆಗೆ ಹೋಗುವ ದಾರಿಯಲ್ಲಿ ವರ್ಷವರ್ಷ ಹೊಸ ಕಂದಕ ಬಿದ್ದರೆ ಹುಡುಗಿ ಎಲ್ಲೋ ಒಂದು ಕಡೆ ಕಾಲು ಜಾರಿ, ತಾಯಿಯ ಪಕ್ಕದಲ್ಲಿ ಸಿಗಡಿ ಸುಲಿಯಲು ಕೂರುವುದು ಖಂಡಿತ. ಅವಳಿಗಿಂತ ಮೊದಲು ಆ ಬೆಂಚಿನಲ್ಲಿ ಕೂತಿದ್ದ ಅಕ್ಕಂದಿರೆಲ್ಲ ಈಗ ಆ ಶೆಡ್ಡಿನಲ್ಲೇ ಕೂತಿದ್ದರು. ಅವಳು ಒಂದು ಶಾಲೆಯವಳಾಗಲೇಬೇಕಿತ್ತು.

ನನಗೆ ಪರಿಹಾರ ಕಣ್ಣೆದುರೇ ಕಂಡಿತು. ನಿಷೇಧದ ಎರಡು ತಿಂಗಳು ಅವಳು ನಮ್ಮ ಮನೆಯಲ್ಲಿ ಇರಲಿ. ಇಲ್ಲಿಂದಲೇ ಹೈಸ್ಕೂಲಿಗೆ ಹೋಗಲಿ. ಆಗಸ್ಟ್‌ನಲ್ಲಿ ಅಪ್ಪ ಅಮ್ಮ ಬರುತ್ತಾರಲ್ಲ. ಅತ್ತೆಗೆ ಹೇಳಿದೆ.

"ಇರ್ಲಿ, ಒಂದು ಹೊಟ್ಟೆ ಎಂತ ಭಾರವಾ?" ಎಂದರು ಅತ್ತೆ. ಆಮೇಲೆ, "ಊರಿಡೀ ಪ್ರಶ್ನೆ ಕೇಳ್ತೀಯಲ್ಲ, ಆ ಹುಡುಗಿಯ ಹತ್ರ ಕೇಳಿದಿಯಾ?" ಎಂದರು.

"ಅವಳಿಗೆ ಎಂತ ಗೊತ್ತಾಗ್ತದೆ ಅತ್ತೆ, ಸಣ್ಣವಳು."

ಹುಡುಗಿಯ ಅಪ್ಪನನ್ನು ದಕ್ಕೆಯಲ್ಲಿ ಹಿಡಿದೆ. ಬೋಟು ಖಾಲಿ ಮಾಡಿ, ನೀರು ಹೊಯ್ದು ತೊಳೆಯುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೈ ಕಟ್ಟಿ ಕೇಳಿದ.

"ಸರಿ ಟೀಚರಮ್ಮ" ಎಂದ.

"ನಿನಗೆ ಒಪ್ಪಿಗೆಯಾ?"

"ನೀವು ಹೇಳಿದ ಮೇಲೆ ಸರಿ ಟೀಚರಮ್ಮ."

ನಾನು ಖುಷಿಯಿಂದ ಮನೆಗೆ ಬಂದೆ. ಹೈಸ್ಕೂಲಿಗೆ ಫೋನ್ ಮಾಡಿ ಒಂದು ಸೀಟು ಹಿಡಿದಿಡಲು ಹೇಳಿದೆ. ಅಟ್ಟದ ಕೋಣೆ ಗುಡಿಸಿ, ಹಳೆಯ ಮೇಜೊಂದನ್ನು ಕಿಟಕಿಯ ಹತ್ತಿರ ಹಾಕಿಸಿದೆ. ಹುಡುಗಿಗೆ ಕೋಣೆ ತೋರಿಸಿದಾಗ ಅವಳು ಮೇಜು ಮುಟ್ಟಿ ನೋಡಿ, "ಚಂದ ಉಂಟು ಟೀಚರ್" ಎಂದಳು. ಅಷ್ಟೇ ಹೇಳಿದಳು. ಅವಳು ಅಷ್ಟೇ ಹೇಳುವ ಹುಡುಗಿಯಲ್ಲ, ಅದು ನನಗೆ ಆವತ್ತು ವಿಶೇಷವಾಗಿ ತೋರಲಿಲ್ಲ.

ಮೇ ಕೊನೆಯಲ್ಲಿ ಬೋಟುಗಳು ದಡಕ್ಕೆ ಬಂದವು. ಹುಡುಗಿಯ ಅಪ್ಪ ನಮ್ಮ ಮನೆಯ ಗೇಟಿನ ಹತ್ತಿರ ಬಂದು ನಿಂತ. "ಅಜ್ಜಿ ನೋಡ್ಬೇಕು ಅಂತಾರೆ ಟೀಚರಮ್ಮ. ಕರ್ಕೊಂಡು ಹೋಗಿ, ಎರಡು ವಾರದಲ್ಲಿ ಯಾರ ಜೊತೆಯಾದ್ರೂ ಕಳಿಸ್ತೇನೆ." ಅಜ್ಜಿಯನ್ನು ನೋಡಬೇಡ ಎನ್ನಲು ನಾನು ಯಾರು? ಎಲ್ಲರೂ ಹೋದರು.

ಜೂನ್ ಬಂತು, ಹೈಸ್ಕೂಲು ಶುರುವಾಯಿತು. ಎರಡು ವಾರ ಕಳೆಯಿತು. ಮೈದುನನಿಂದ ನಂಬರು ಪಡೆದು ಫೋನ್ ಮಾಡಿದರೆ ಅಪ್ಪ ಕಡಲಿನಲ್ಲಿರುತ್ತಿದ್ದ, ತಾಯಿಗೆ ನನ್ನ ಕನ್ನಡ ಫೋನಿನಲ್ಲಿ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಸಿಕ್ಕವನು "ಅಜ್ಜಿಗೆ ಹುಷಾರಿಲ್ಲ" ಎಂದ. ಇನ್ನೊಮ್ಮೆ "ರೈಲಿನಲ್ಲಿ ಜೊತೆ ಸಿಗ್ಲಿಲ್ಲ" ಎಂದ. ಮುಖ್ಯೋಪಾಧ್ಯಾಯಿನಿಯವರು ದಾರಿಯಲ್ಲಿ ಸಿಕ್ಕಾಗಲೆಲ್ಲ ಕಾಲೆಳೆಯುತ್ತಿದ್ದರು.

"ಎಂತ ಟೀಚರೇ, ಇದು ಬಸ್ಸಿನ ಸೀಟಾ, ಟವೆಲ್ ಹಾಕಿ ಹಿಡಿದಿಡ್ಲಿಕ್ಕೆ?"

"ಬರ್ತಾಳೆ ಮೇಡಂ. ಸ್ವಲ್ಪ ತಡ ಆಗ್ತದೆ ಅಷ್ಟೇ."

ನನಗೆ ಕೋಪವೂ ಬರುತ್ತಿತ್ತು, ಕುತೂಹಲವೂ ತಡೆಯುತ್ತಿರಲಿಲ್ಲ. ಅಲ್ಲಿ ಏನು ಮಾಡುತ್ತಿದ್ದಾಳೆ? ಓದುತ್ತಿದ್ದಾಳೆಯೇ? ಮದುವೆಗಿದುವೆಗೆ ನೋಡುತ್ತಿದ್ದಾರೆಯೇ? ಅಲ್ಲಿಯ ಆ ಟೀಚರ್ ಎಂಥವರು? ಗಂಡಸೋ ಹೆಂಗಸೋ ಎಂದೂ ನಾನು ಕೇಳಿರಲಿಲ್ಲ. ನನ್ನ ವಿದ್ಯಾರ್ಥಿನಿಯ ತಲೆಯೊಳಗೆ ನನಗಿಂತ ಮೊದಲು ಹೋಗಿ ಕೂತ ಆ ಮನುಷ್ಯನ ಮೇಲೆ, ಹೇಳಲು ನಾಚಿಕೆಯೇನಿಲ್ಲ, ನನಗೆ ಹೊಟ್ಟೆಕಿಚ್ಚಿತ್ತು.

ಜುಲೈ ಕೊನೆಯ ವಾರ ಕೆಲಸದವರು ಒಬ್ಬೊಬ್ಬರೇ ಮರಳತೊಡಗಿದರು. ಬೋಟಿಗೆ ಬಣ್ಣ ಬಳಿಯಬೇಕು, ಬಲೆ ಹತ್ತಿಸಬೇಕು. ಹುಡುಗಿಯ ಅಪ್ಪ ಒಬ್ಬನೇ ಬಂದಿದ್ದಾನೆ ಎಂದು ಮೈದುನ ಹೇಳಿದ. ಅದರ ಹಿಂದೆಯೇ ಹೈಸ್ಕೂಲಿನಿಂದಲೂ ಮಾತು ಬಂತು: ಸೋಮವಾರಕ್ಕೆ ಹೌದೋ ಅಲ್ಲವೋ ಹೇಳಿ, ಕಾಯುವವರು ಬೇರೆ ಇದ್ದಾರೆ. ಶನಿವಾರ ನಮಗೆ ಅರ್ಧ ದಿನ. ಶಾಲೆ ಬಿಟ್ಟವಳೇ ಕೊಡೆ ಹಿಡಿದು ದಕ್ಕೆಗೆ ನಡೆದೆ.

ಅವನು ಬೋಟಿನ ಮೇಲಿದ್ದ. ನನ್ನನ್ನು ಕಂಡು ಬ್ರಶ್ಶು ಕೆಳಗಿಟ್ಟು ದಡಕ್ಕೆ ಇಳಿದ. ಬೋಟಿನ ಸಣ್ಣ ಕೋಣೆಯಲ್ಲಿ ಅವನ ಚಾಪೆ, ಬಟ್ಟೆಯ ಚೀಲ, ತಟ್ಟೆ, ಲೋಟ ಕಾಣುತ್ತಿದ್ದವು.

"ಇಲ್ಲಿ ಯಾಕೆ ಮಲಗುವುದು? ರೂಮು?"

"ರೂಮು ಬಿಟ್ಟೆ ಟೀಚರಮ್ಮ. ಮನೆಯವಳು, ಮಕ್ಕಳು ಊರಲ್ಲೇ ಇರ್ತಾರೆ ಈ ವರ್ಷ. ನಾನು ಒಬ್ಬ. ಬೋಟು ಸಾಕು."

"ಮತ್ತೆ ಹುಡುಗಿಯ ಶಾಲೆ? ಸೀಟು ಇಟ್ಟು ಕೂತಿದ್ದೇನೆ ನಾನು. ನೀನು ಸರಿ ಅಂದದ್ದಲ್ವಾ?"

ಅವನು ಕೈಗೆ ಮೆತ್ತಿದ ನೀಲಿ ಬಣ್ಣವನ್ನು ಉಜ್ಜುತ್ತ ನಿಂತ. ನಾನು ಇನ್ನೂ ಎರಡು ಮಾತು ಗದರಿದೆ. ಕೊನೆಗೆ ಅವನು ನನ್ನ ಮುಖ ನೋಡದೆ ಹೇಳಿದ, "ಸಾಹುಕಾರರ ಮನೆಯವರಿಗೆ ಇಲ್ಲ ಅಂತ ಹೇಗೆ ಹೇಳುವುದು ಟೀಚರಮ್ಮ?"

ನಾನು ಟೀಚರ್ ಆಗಿ ಕೇಳಿದ್ದೆ. ಅವನು ಬೋಟಿನ ಮಾಲಕನ ಅತ್ತಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದ. ಕೆನ್ನೆ ಬಿಸಿಯಾಯಿತು. ಆದರೂ ನನ್ನ ಹಟ ಬಿಡಲಿಲ್ಲ. ಅಜ್ಜಿಯೋ ತಾಯಿಯೋ ಹುಡುಗಿಯನ್ನು ಹಿಡಿದಿಟ್ಟುಕೊಂಡಿರಬೇಕು, ಅವಳಿಗೆ ಖಂಡಿತ ಇಲ್ಲಿಗೆ ಬರುವ ಆಸೆಯಿದೆ ಎಂದೇ ನಾನು ನಂಬಿದ್ದೆ.

"ಅವಳು ಈಗ ಎಲ್ಲಿದ್ದಾಳೆ?"

"ಸ್ಕೂಲಲ್ಲಿ. ಅಲ್ಲಿ ಶನಿವಾರ ಪೂರ್ತಿ ಉಂಟು. ಹಳೇ ಟೀಚರೇ ಹತ್ತಿರದ ಹೈಸ್ಕೂಲಿಗೆ ಸೇರಿಸಿದ್ದಾರೆ, ಅವರಿಗೂ ಈಗ ಅಲ್ಲೇ ಕೆಲಸ. ಅವರ ನಂಬರು ನನ್ನ ಹತ್ರ ಉಂಟು."

"ಮಾಡು ಫೋನ್."

ಅವನು ಮಾಡಿದ. ಎರಡು ಮಾತು ತೆಲುಗಿನಲ್ಲಿ ಆಡಿ, ಸ್ಪೀಕರ್ ಹಾಕಿ ಫೋನನ್ನು ನಮ್ಮಿಬ್ಬರ ನಡುವೆ ಹಿಡಿದ. ಹೆಂಗಸಿನ ದನಿ. ನನ್ನಷ್ಟೇ ವಯಸ್ಸಿನವರಿರಬೇಕು, ಮೂವತ್ತು ಮಕ್ಕಳ ಗದ್ದಲದ ಮೇಲೆ ಮಾತಾಡಿ ಒರಟಾದ ದನಿ, ನನ್ನದೂ ಹಾಗೆಯೇ. ನನಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು. ಅವರು ಯಾರನ್ನೋ ಕೂಗಿದರು. ಓಡಿಬಂದ ಹೆಜ್ಜೆ ಕೇಳಿಸಿತು.

"ಟೀಚರ್!" ಹುಡುಗಿ ಏದುಸಿರಿನಲ್ಲಿ ಹೇಳಿದಳು. ಆ ಒಂದು ಮಾತಿಗೆ ನನ್ನ ಕೋಪ ಅರ್ಧ ಇಳಿಯಿತು.

ಅವಳನ್ನು ನಡುವೆ ನಿಲ್ಲಿಸಿಕೊಂಡು ನಾವಿಬ್ಬರು ಟೀಚರುಗಳು ಮಾತಾಡಿದೆವು. ಮೊದಲ ಪ್ರಶ್ನೆ ಅವರೇ ಕೇಳಿದರು. ಹುಡುಗಿ ಅದನ್ನು ಕನ್ನಡಕ್ಕೆ ತಿರುಗಿಸಿದಳು.

"ನಾನು ಅಲ್ಲಿ ನಿಜವಾಗ್ಲೂ ಸ್ಕೂಲಿಗೆ ಬರ್ತಿದ್ದೆನಾ ಅಂತ ಕೇಳ್ತಿದ್ದಾರೆ ಟೀಚರ್. ಇಷ್ಟು ವರ್ಷ ನಾನು ಮಂಗಳೂರಲ್ಲಿ ಸಿಗಡಿ ಸುಲೀತೇನೆ ಅಂತ ತಿಳ್ಕೊಂಡಿದ್ರಂತೆ."

"ಬರ್ತಿದ್ದಳು ಅಂತ ಹೇಳು. ಒಂದು ದಿನ ತಪ್ಪಿಸ್ಲಿಲ್ಲ ಅಂತ ಹೇಳು."

ಹುಡುಗಿ ಹೇಳಿದಳು. ಅಲ್ಲಿಂದ ದೊಡ್ಡದಾಗಿ ಒಂದು "ಅಯ್ಯೋ" ಬಂತು, ಆಮೇಲೆ ನಗು. ನನಗೂ ನಗು ಬಂತು. ಆ ಹೆಂಗಸು ನನ್ನ ಹಾಗೆಯೇ ವರ್ಷವರ್ಷ ಆಗಸ್ಟ್‌ನಲ್ಲಿ ಖಾಲಿ ಜಾಗ ನೋಡಿ ಬೈದಿರಬೇಕು. ಭಿನ್ನರಾಶಿ ಯಾರು ಕಲಿಸಿದ್ದು ಎಂದು ಕೇಳಿದರು, ನಾನು ಎಂದು ಹೇಳಿಸಿದೆ. ಪೂರ್ಣಾಂಕ ಬಹಳ ಚೆನ್ನಾಗಿ ಕಲಿಸಿದ್ದೀರಿ ಎಂದು ನಾನೂ ಹೇಳಿಸಿದೆ. ಹುಡುಗಿ ಎರಡೂ ಕಡೆಯ ಹೊಗಳಿಕೆಯನ್ನು ಆಚೆ ಈಚೆ ಸಾಗಿಸುತ್ತ ಕಿಸಿಕಿಸಿ ನಗುತ್ತಿದ್ದಳು.

ಇಷ್ಟಾದ ಮೇಲೆ ನಾನು ಬಂದ ಕೆಲಸಕ್ಕೆ ಬಂದೆ. "ನೋಡು, ಈಗ ಹೇಳುವುದನ್ನು ಸರಿಯಾಗಿ ಅವರಿಗೆ ಹೇಳು. ಇಲ್ಲಿ ಹೈಸ್ಕೂಲಿನಲ್ಲಿ ಸೀಟು ತಯಾರುಂಟು. ನಮ್ಮ ಮನೆಯಲ್ಲಿ ನಿನಗೆ ಕೋಣೆ ಉಂಟು. ಅಲ್ಲಿಯ ಹೆಸರು ತೆಗೆದು ನಿನ್ನನ್ನು ಈ ವಾರವೇ ಕಳಿಸ್ಬೇಕು ಅಂತ ಹೇಳು."

ಫೋನಿನಾಚೆ ದೂರದಲ್ಲಿ ಯಾವುದೋ ಕ್ಲಾಸು ಒಟ್ಟಿಗೆ ಮಗ್ಗಿ ಹೇಳುತ್ತಿತ್ತು. ಹುಡುಗಿಯ ಅಪ್ಪ ಫೋನು ಹಿಡಿದ ಕೈ ಅಲ್ಲಾಡಿಸದೆ ನಿಂತಿದ್ದ. ನಾನು ತೆಲುಗು ಮಾತಿಗೆ ಕಾದೆ. ಬಂದದ್ದು ಕನ್ನಡ.

"ಅವಳನ್ನು ವಾಪಸ್ ಕರೀಬೇಡಿ ಅಂತ ಟೀಚರ್ ಹೇಳ್ತಿದ್ದಾರೆ" ಎಂದಳು ಹುಡುಗಿ. ದನಿ ಸಣ್ಣದಾಗಿತ್ತು. "ಅವಳು ಇಲ್ಲೇ ವರ್ಷ ಪೂರ್ತಿ ಕೂರ್ಲಿ ಅಂತ ಹೇಳ್ತಿದ್ದಾರೆ."

ಆ ಟೀಚರ್ ಏನೂ ಹೇಳಿರಲಿಲ್ಲ. ಹುಡುಗಿ ನನ್ನ ಮಾತನ್ನು ಅವರಿಗೆ ಮುಟ್ಟಿಸಿಯೇ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವರಿಗೆ ಏನು ನಡೆಯುತ್ತಿದೆ ಎಂದೇ ತಿಳಿದಿರಲಾರದು. ಆ ಮಾತು ಪೂರ್ತಿ ಅವಳದ್ದು. ನನ್ನೆದುರು ತನ್ನದೆಂದು ಹೇಳಲು ಬಾರದೆ, ತನ್ನ ಟೀಚರ ಹೆಸರಿನಲ್ಲಿ ಹೇಳಿದ್ದಳು.

ಅವಳು ನನಗೆ ಬೇಕಾಗಿದ್ದಳು, ಅದನ್ನು ಈಗಲೂ ಹೇಳುತ್ತೇನೆ. ಬೋಟಿನೊಳಗಿನ ಆ ಚಾಪೆಯ ಕಡೆ ನೋಡಿದೆ. ಅಪ್ಪ ಇನ್ನು ಮುಂದಿನ ಮಳೆಗಾಲದವರೆಗೆ ಅದರ ಮೇಲೆ ಒಬ್ಬನೇ ಮಲಗಲು ಒಪ್ಪಿ ಬಂದಿದ್ದ.

"ಆಯ್ತು" ಎಂದೆ. "ಕರೆಯುವುದಿಲ್ಲ ಅಂತ ನಿನ್ನ ಟೀಚರಿಗೆ ಹೇಳು. ಇಲ್ಲಿಯ ಹೆಸರು ನಾನೇ ತೆಗೆಸ್ತೇನೆ ಅಂತ ಹೇಳು."

ಈ ಮಾತನ್ನು ಅವಳು ಒಂದು ಕ್ಷಣವೂ ತಡಮಾಡದೆ, ದೊಡ್ಡ ದನಿಯಲ್ಲಿ, ತೆಲುಗಿನಲ್ಲಿ ಹೇಳಿದಳು.